ಒಂದು ಚಿಟಿಕೆ ಹುಲ್ಲು

ಅಂಬುಜಾಕ್ಷಿ ಟೀಚರ್ ಬಗ್ಗಿ ಒಂದು ಚಿಟಿಕೆ ಹುಲ್ಲು ಕೀಳುತ್ತಿದ್ದರು. ಅದನ್ನು ಭುಜದೆತ್ತರಕ್ಕೆ ಹಿಡಿದು, ಬೆರಳು ಸಡಿಲಿಸಿ, ಉದುರುವುದನ್ನು ನೋಡುತ್ತಿದ್ದರು. ಕೊನೆಯ ಎಸಳು ನೆಲ ಮುಟ್ಟಿದ ಮೇಲೆಯೇ ಕೋಲು ಹಿಡಿದು ಚೆಂಡಿನ ಪಕ್ಕ ನಿಲ್ಲುತ್ತಿದ್ದರು. ಗಾಲ್ಫ್ ಆಡುವವರು ಗಾಳಿ ಯಾವ ಕಡೆಗಿದೆ ಎಂದು ತಿಳಿಯಲು ಹೀಗೆ ಮಾಡುವುದುಂಟು. ಆದರೆ ಟೀಚರ್ ಮುನ್ನೂರು ಗಜವಿದ್ದರೂ ತೂರುತ್ತಿದ್ದರು, ಚೆಂಡು ಕುಳಿಯಿಂದ ಒಂದೇ ಮೊಳ ದೂರವಿದ್ದರೂ ತೂರುತ್ತಿದ್ದರು. ಮೊಳದ ದೂರಕ್ಕೆ ಯಾವ ಗಾಳಿ ಸ್ವಾಮಿ! ಪಕ್ಕದಲ್ಲಿ ನಿಂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಹೆರಿಗೆ ಡಾಕ್ಟರು. ಊಟಕ್ಕೆ ಕೂತಾಗಲೂ ಒಂದು ಕಾಲು ಬಾಗಿಲಾಚೆ ಇಟ್ಟುಕೊಂಡೇ ಬದುಕಿದವಳು. ಟೀಚರ್ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ನಮ್ಮ ಜೊತೆಗೆ ಬೇಕರಿಯ ಫೆಲ್ಸಿ ಮತ್ತು ಅವಳ ನಾದಿನಿ ಲಿಲ್ಲಿ. ನಾವು ನಾಲ್ವರೂ ಊರಾಚೆಯ ಒಂಬತ್ತು ಕುಳಿಗಳ ಸಣ್ಣ ಗಾಲ್ಫ್ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಆಡುತ್ತಿದ್ದೆವು. ಕ್ಲಬ್ಬಿನಲ್ಲಿ ಹೆಂಗಸರಿಗೆ ಮೊದಲು ಇದ್ದದ್ದು ಬುಧವಾರದ ಮಧ್ಯಾಹ್ನ ಮಾತ್ರ. ದುಡಿಯುವ ಹೆಂಗಸು ಬುಧವಾರ ಮಧ್ಯಾಹ್ನ ಎಲ್ಲಿಂದ ಬರಬೇಕು? ಎರಡು ವರ್ಷ ಜಗಳವಾಡಿ ಭಾನುವಾರ ಬೆಳಗಿನ ಆರೂವರೆಯ ಸರದಿಯನ್ನು ಗಿಟ್ಟಿಸಿಕೊಂಡಿದ್ದೆವು. ಅದು ಹೋದರೆ ಟೀಚರ್‌ಗೆ ಆಟವೇ ಇಲ್ಲ.

ಒಮ್ಮೆ ನಾನು ಕೇಳಿಯೇಬಿಟ್ಟಿದ್ದೆ. "ಅಲ್ಲಾ ಟೀಚರ್, ಇಷ್ಟು ಹತ್ತಿರಕ್ಕೂ ಗಾಳಿ ನೋಡ್ತೀರಲ್ಲ, ಏನು ಕತೆ ನಿಮ್ಮದು?"

ಅವರು ನಕ್ಕಿದ್ದರು. "ಗಾಳಿ ಯಾರು ನೋಡ್ತಾರೆ ಡಾಕ್ಟ್ರೇ! ವಾರವೆಲ್ಲ ಗಂಟೆ ಹೊಡೆದಾಗ ಏಳು, ಗಂಟೆ ಹೊಡೆದಾಗ ಕೂರು. ಮಗು ಹೂವಿಗೆ ಬಣ್ಣ ಹಾಕ್ತಿದ್ರೂ ಗಂಟೆ ಆದ್ರೆ ಪುಸ್ತಕ ಕಿತ್ಕೋಬೇಕು. ಈ ಹುಲ್ಲು ಬೀಳೋವರೆಗೆ ಯಾವ ಗಂಟೆನೂ ಹೊಡೆಯಲ್ಲ. ಅಷ್ಟೇ ನೋಡಿ ನನ್ನ ಸಂತೋಷ."

ಅದಾಗಿ ಕೆಲವು ತಿಂಗಳಿಗೆ ಕ್ಯಾಪ್ಟನ್ ಅರಸ್ ನಮ್ಮನ್ನು ಜಗಲಿಗೆ ಕರೆಸಿದರು. ಕ್ಲಬ್ಬಿನ ಆಟದ ಉಸ್ತುವಾರಿ ಅವರದು. ಅವರ ಮುಂದೆ ದೂರಿನ ಪುಸ್ತಕ ತೆರೆದಿತ್ತು. "ನಾನು ಹೇಳ್ತಿರೋದಲ್ಲಮ್ಮ, ಇಲ್ಲಿ ಬರೆದಿದೆ," ಎಂದು ಗಟ್ಟಿಯಾಗಿ ಓದಿದರು: "ಭಾನುವಾರದ ಹೆಂಗಸರ ಆಟ ಅತಿ ನಿಧಾನ. ಏಳನೆಯ ಕುಳಿಯ ಬಳಿ ಮೊಳದ ದೂರಕ್ಕೂ ಒಬ್ಬರು ಹುಲ್ಲು ತೂರುತ್ತ ನಿಲ್ಲುತ್ತಾರೆ. ಉಳಿದವರ ಆಟ ಹಾಳಾಗುತ್ತಿದೆ." ಕೆಳಗೆ ಸಹಿ ಇರಲಿಲ್ಲ.

ಫೆಲ್ಸಿ ಕೆಂಡವಾದಳು. "ಹಿಂದೆ ಆಡೋ ಗಂಡಸರೇ ಬರೆದಿರ್ತಾರೆ. ಹೊಟ್ಟೆಕಿಚ್ಚು!"

ಟೀಚರ್ ಅರಸ್ ಕಡೆ ತಿರುಗಿದರು. ಆ ಸಾಲುಗಳನ್ನು ಇನ್ನೊಮ್ಮೆ ಓದಿ ಎಂದು ಕೇಳಿದರು. ಕೇಳಿಸಿಕೊಂಡು ಕೈಚೀಲ ಎತ್ತಿಕೊಂಡು ಹೊರಟರು.

ಸಮಿತಿ ಐದು ತಿಂಗಳು ಎಳೆದಾಡಿ ಕೊನೆಗೊಂದು ತೀರ್ಮಾನ ಮಾಡಿತು. ಸತತ ಮೂರು ಭಾನುವಾರ ನಾವು ಎರಡು ಗಂಟೆಯೊಳಗೆ ಒಂಬತ್ತೂ ಕುಳಿ ಮುಗಿಸಬೇಕು. ಪ್ರತಿಯೊಬ್ಬರ ಚೆಂಡೂ ಕೊನೆಯ ಕುಳಿಗೆ ಬೀಳಬೇಕು. ಒಂದು ಸಲ ತಪ್ಪಿದರೂ ಬುಧವಾರವೇ ಗತಿ. ಮೊದಲ ಎರಡು ವಾರ ಹೇಗೋ ದಾಟಿದೆವು. ಈಗ ಹೇಳಹೊರಟಿರುವುದು ಮೂರನೆಯ ಭಾನುವಾರದ ಸಂಗತಿ.

ಅಂದು ಆರೂವರೆಗೆ ಸರಿಯಾಗಿ ಶುರು ಮಾಡಿದೆವು. ಮೂರು ವಾರದಿಂದ ಟೀಚರ್ ಹುಲ್ಲು ಕೀಳುವುದನ್ನು ಬಿಟ್ಟಿದ್ದರು. ಚೆಂಡಿನ ಹತ್ತಿರ ಓಡುವುದು, ನಿಲ್ಲದೆ ಬೀಸುವುದು, ಮತ್ತೆ ಓಡುವುದು. ಅವರ ಕ್ಯಾನ್ವಾಸ್ ಶೂಗಳ ದಾರ ಬಿಚ್ಚಿಕೊಂಡಿತ್ತು, ಕಟ್ಟಲೂ ನಿಲ್ಲಲಿಲ್ಲ. ನಾನು ಗಡಿಯಾರ ನೋಡುತ್ತ "ನಡೀರಿ, ನಡೀರಿ" ಎಂದು ಎಲ್ಲರನ್ನೂ ಅಟ್ಟುತ್ತಿದ್ದೆ. ಹೆರಿಗೆ ಕೋಣೆಯಲ್ಲೂ ನಾನು ಅಷ್ಟು ಕೂಗಿದವಳಲ್ಲ.

ಅವಸರದ ಆಟ ಎಲ್ಲಿ ನೆಟ್ಟಗಾಗುತ್ತದೆ? ಮೂರನೆಯ ಕುಳಿಯಲ್ಲಿ ಟೀಚರ್ ಚೆಂಡು ಲಂಟಾನಾ ಪೊದೆಗೆ ನುಗ್ಗಿತು. ನಾಲ್ವರೂ ಮುಳ್ಳು ಸರಿಸಿ ಹುಡುಕಿದರೂ ಸಿಗಲಿಲ್ಲ. ಐದರಲ್ಲಿ ಇನ್ನೊಂದು ಚೆಂಡು ಕೆರೆಗೆ ಬಿತ್ತು. ಆರರಲ್ಲಿ ಚೆಂಡನ್ನು ಬಿಟ್ಟು ಬರೀ ಮಣ್ಣಿಗೆ ಹೊಡೆದರು. ಹುಲ್ಲು ತೂರುವ ಟೀಚರ್ ಒಂದು ಆಟಕ್ಕೆ ಹೆಚ್ಚು ತೆಗೆದುಕೊಳ್ಳುತ್ತಿದ್ದುದು ಐದಾರು ನಿಮಿಷವಿರಬಹುದು. ಓಡುವ ಟೀಚರ್‌ನಿಂದ ಅದಕ್ಕಿಂತ ಹೆಚ್ಚೇ ಹಾಳಾಯಿತು. ಅವರ ಕೆನ್ನೆಯಲ್ಲಿ ಮುಳ್ಳು ಗೀರಿದ ಗೆರೆಯಿತ್ತು, ಮುಖದಲ್ಲಿ ನಗುವಿನ ಸುಳಿವಿರಲಿಲ್ಲ.

ಏಳನೆಯ ಕುಳಿ ಇರುವುದು ಒಂದು ತಗ್ಗಿನಲ್ಲಿ. ಸುತ್ತ ಎತ್ತರದ ದಿಬ್ಬ. ಅಲ್ಲಿಗೆ ಬರುವಾಗ ಎಂಟು ಗಂಟೆ ಹತ್ತು ನಿಮಿಷ. ಟೀಚರ್ ಚೆಂಡು ಕುಳಿಯಿಂದ ಒಂದು ಮೊಳ ದೂರದಲ್ಲಿತ್ತು. ಹಳೆಯ ಅಭ್ಯಾಸ, ಅವರು ಬಗ್ಗಿದರು. ಬೆರಳು ಹುಲ್ಲು ಮುಟ್ಟಿತು. ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡು, ತಲೆಯೆತ್ತಿ ದಿಬ್ಬವನ್ನು ಒಂದು ಸುತ್ತು ನೋಡಿದರು.

"ಇಲ್ಲಿ ಹಿಂದೆ ಆಡೋರಿಗೆ ನಾವು ಕಾಣೋದೇ ಇಲ್ಲ, ಅಲ್ವಾ ಡಾಕ್ಟ್ರೇ?"

"ಕಾಣಲ್ಲ," ಎಂದೆ. "ಬೇಗ ಹೊಡೀರಿ, ಹೊತ್ತು ಮೀರ್ತಿದೆ."

ಇನ್ನು ಮುಚ್ಚಿಡುವುದೇಕೆ, ಹೇಳಿಬಿಡುತ್ತೇನೆ: ಆ ದೂರು ಬರೆದವಳು ನಾನೇ.

ದೂರು ಬರೆದ ದಿನ ನಾನು ಜನ್ಮದಲ್ಲಿ ಆಡದಷ್ಟು ಚೆನ್ನಾಗಿ ಆಡುತ್ತಿದ್ದೆ. ಇನ್ನೊಂದೇ ಕುಳಿ ಬಾಕಿ. ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಕೋಲು ಬಿಸಾಕಿ ಓಡಿದೆ. ಹೆರಿಗೆ ಸುಸೂತ್ರವಾಯಿತು, ನನ್ನ ಸಿಟ್ಟು ಇಳಿಯಲಿಲ್ಲ. ಈ ಮಹಾತಾಯಿ ಅಷ್ಟು ಸಲ ಹುಲ್ಲು ತೂರದಿದ್ದರೆ ಮುಗಿಸಿಯೇ ಹೋಗಬಹುದಿತ್ತು ಎಂದುಕೊಂಡು, ಸಂಜೆ ಕ್ಲಬ್ಬಿಗೆ ಹೋಗಿ ನಾಲ್ಕು ಸಾಲು ಗೀಚಿ ಬಂದೆ. ಯಾರು ಓದುತ್ತಾರೆ ಅಂದುಕೊಂಡಿದ್ದೆ. ಅರಸ್ ಓದಿದಾಗ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಆ ತಗ್ಗಿನಲ್ಲಿ ನಡೆಯುವುದು ಅಲ್ಲಿ ನಿಂತವರಿಗಷ್ಟೇ ಕಾಣುತ್ತದೆ ಎಂಬುದು ಬರೆಯುವಾಗ ನನ್ನ ಮಂಡೆಗೆ ಹೊಳೆದಿರಲಿಲ್ಲ.

ಟೀಚರ್ ಹೊಡೆದರು. ಚೆಂಡು ಕುಳಿಗೆ ಬಿತ್ತು. ಅದನ್ನು ಎತ್ತಿಕೊಂಡು ನನ್ನ ಕಡೆ ನೋಡದೆ ದಿಬ್ಬ ಹತ್ತಿದರು.

ಎಂಟನೆಯದನ್ನು ಓಡೋಡಿಯೇ ಮುಗಿಸಿದೆವು. ಒಂಬತ್ತನೆಯ ಕುಳಿ ಕ್ಲಬ್ಬಿನ ಜಗಲಿಯ ಎದುರಿಗೇ ಇದೆ. ಅರ್ಧ ಕ್ಲಬ್ಬು ಅಲ್ಲಿ ನೆರೆದಿತ್ತು. ಅರಸ್ ಗಡಿಯಾರ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಫೆಲ್ಸಿ ಮುಗಿಸಿದಳು, ಲಿಲ್ಲಿ ಮುಗಿಸಿದಳು, ನಾನೂ ಮುಗಿಸಿದೆ. ಟೀಚರ್ ಚೆಂಡಿಗೆ ಎರಡು ಮೊಳ ಬಾಕಿ.

"ಒಂದು ನಿಮಿಷ ಇದೆ!" ಎಂದು ಅರಸ್ ಕೂಗಿದರು.

ಒಂದು ಚಿಟಿಕೆ ಹುಲ್ಲು ಉದುರಲು ಎಷ್ಟು ಹೊತ್ತು ಬೇಕು? ತೂರಿ ಟೀಚರ್, ಸಮಾಧಾನವಾಗಿ ತೂರಿ, ಭಾನುವಾರ ಹಾಳಾಗಿಹೋಗಲಿ ಎಂದು ಹೇಳಬೇಕೆನ್ನಿಸಿತು. ಮಾತು ನಾಲಗೆಯ ತುದಿಗೆ ಬಂದಿತ್ತು. ಬಾಯಿಂದ ಹೊರಬಿದ್ದದ್ದು ಬೇರೆ.

"ಹೊಡೀರೀ!"

ಅವರು ಬೆಚ್ಚಿಬಿದ್ದು ಹೊಡೆದರು. ಚೆಂಡು ಕುಳಿಯ ಅಂಚು ಸವರಿ ಆಚೆಗೆ ಸರಿಯಿತು. ಅಯ್ಯೋ ಎಂದು ಜಗಲಿಯೇ ಉದ್ಗರಿಸಿತು. ಟೀಚರ್ ಆಚೆಗೆ ಓಡಿದರು, ಬಿಚ್ಚಿದ ದಾರ ತುಳಿದು ಮುಗ್ಗರಿಸಿ ಮಂಡಿಯೂರಿ ಬಿದ್ದರು, ಎದ್ದು ನಿಂತು ಚೆಂಡನ್ನು ತಳ್ಳಿದರು. ಟಕ್ ಎಂದು ಕುಳಿಯೊಳಗೆ ಬಿತ್ತು.

"ಹನ್ನೊಂದು ಸೆಕೆಂಡು ಉಳೀತು!" ಅರಸ್ ಚಪ್ಪಾಳೆ ತಟ್ಟಿದರು. "ಭೇಷ್! ಭಾನುವಾರ ನಿಮ್ಮದೇ!"

ಫೆಲ್ಸಿ ಕುಣಿದಾಡಿದಳು. ಟೀಚರ್ ಹೋಗಿ ಜಗಲಿಯ ಹಿಂದಿನ ಬೆಂಚಿನ ಮೇಲೆ ಕೂತರು. ನಾನು ಔಷಧದ ಚೀಲ ಹಿಡಿದು ಹೋದೆ. ತರಚಿದ ಮಂಡಿಯನ್ನು ಒರೆಸುತ್ತ, ತಲೆ ಎತ್ತದೆ ಹೇಳಿದೆ.

"ಟೀಚರ್, ಆ ದೂರು ಬರೆದದ್ದು ನಾನು."

"ಗೊತ್ತು," ಎಂದರು.

"ಯಾವಾಗಿಂದ?"

"ಅರಸ್ ಎರಡನೇ ಸಲ ಓದಿದಾಗಿಂದ. ಫೆಲ್ಸಿಗೆ, ಲಿಲ್ಲಿಗೆ ಬರೆಯೋ ಅಭ್ಯಾಸ ಎಲ್ಲಿದೆ?"

"ಮತ್ತೆ ಯಾಕೆ ಕೇಳಲಿಲ್ಲ ನನ್ನನ್ನ?"

"ನೀವೇ ಹೇಳ್ತೀರ ಅಂತ ಕಾಯ್ತಿದ್ದೆ. ನನಗೆ ಕಾಯೋದು ಬರುತ್ತಲ್ಲ ಡಾಕ್ಟ್ರೇ." ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಐದು ತಿಂಗಳ ಮೇಲಾಯ್ತು. ಬೇರೆ ಎಲ್ಲದರಲ್ಲೂ ನೀವು ಎಷ್ಟು ಚುರುಕು!"

ನನ್ನ ಕಣ್ಣಲ್ಲಿ ನೀರು ಬಂತು. "ತಪ್ಪಾಯ್ತು ಟೀಚರ್. ಭಾನುವಾರ ಉಳೀತಲ್ಲ, ಇನ್ನು ನಿಮಗೆ ಹೇಗೆ ಬೇಕೋ ಹಾಗೆ ಆಡಿ. ಯಾರು ಏನಂತಾರೋ ನಾನು ನೋಡ್ಕೋತೀನಿ."

ಅವರು ಶೂ ದಾರ ಕಟ್ಟಿಕೊಂಡರು. ಎರಡು ಗಂಟೆಯ ಮೇಲೆ ಅದಕ್ಕೆ ಪುರುಸೊತ್ತು ಸಿಕ್ಕಿತ್ತು.

"ಆಗಲ್ಲ ಡಾಕ್ಟ್ರೇ. ಈಗ ಹುಲ್ಲು ಕಿತ್ರೆ ಅದು ಬೀಳೋದನ್ನ ನೋಡಲ್ಲ ನಾನು. ನಿಮ್ಮ ಮುಖ ನೋಡ್ತೀನಿ."

ಆಮೇಲೂ ನಾವು ಎಷ್ಟೋ ವರ್ಷ ಜೊತೆಗೆ ಆಡಿದೆವು. ಟೀಚರ್ ಒಂದು ವಾರವೂ ತಪ್ಪಿಸಲಿಲ್ಲ, ನನ್ನೊಡನೆ ಮಾತು ಬಿಡಲಿಲ್ಲ, ನನ್ನ ಮಗಳ ಮದುವೆಗೆ ರಂಗೋಲಿಯನ್ನೂ ಹಾಕಿಕೊಟ್ಟರು. ಆದರೆ ಹುಲ್ಲಿಗೆ ಮತ್ತೆ ಕೈ ಹಚ್ಚಲಿಲ್ಲ. ಕ್ಲಬ್ಬಿನಲ್ಲೇ ಚುರುಕಿನ ಆಟಗಾರ್ತಿ ಎಂದು ಅವರಿಗೆ ಹೆಸರು ಬಂತು. ನಿಧಾನ ಎಂದು ಈಗ ಬೈಸಿಕೊಳ್ಳುವವಳು ನಾನು.

ಏಳನೆಯ ಕುಳಿಯ ಬಳಿ ಗಡಿಯಾರ ಬಿಚ್ಚಿ ಜೇಬಿಗೆ ಹಾಕುತ್ತೇನೆ. ಬಗ್ಗಿ ಒಂದು ಚಿಟಿಕೆ ಹುಲ್ಲು ಕಿತ್ತು, ಭುಜದೆತ್ತರಕ್ಕೆ ಹಿಡಿದು ಬಿಡುತ್ತೇನೆ. ಆ ತಗ್ಗಿನಲ್ಲಿ ಗಾಳಿಯಿಲ್ಲ, ಹುಲ್ಲು ನೆಟ್ಟಗೆ ನನ್ನ ಕಾಲ ಬಳಿಯೇ ಉದುರುತ್ತದೆ. ಕೊನೆಯ ಎಸಳು ಬಿದ್ದ ಮೇಲೆ ತಲೆಯೆತ್ತಿದರೆ, ಟೀಚರ್ ಆಗಲೇ ಹೊಡೆದು ಮುಗಿಸಿ, ಚೀಲ ಹೆಗಲಿಗೇರಿಸಿ, ದಿಬ್ಬ ಹತ್ತುತ್ತಿರುತ್ತಾರೆ.