ತಾಳಿಕೆಯುಳ್ಳವರು

ಕಡಲು ನಮ್ಮ ಅಡುಗೆಮನೆಗೆ ಬಂದು ಹೋದ ಮೇಲೆ ಅಮ್ಮ ಮೊದಲು ನೋಡುವುದು ಒಲೆಯನ್ನು. ಒಲೆಯ ಕೆಳಗೆ ಇಟ್ಟಿಗೆ ಪೇರಿಸಿ ಪೇರಿಸಿ, ಈಗ ಅವಳು ಸ್ಟೂಲಿನ ಮೇಲೆ ನಿಂತು ಅಡುಗೆ ಮಾಡುತ್ತಾಳೆ. ಉಪ್ಪು ತಿಂದ ಗೋಡೆಯ ಬುಡ ನೆನೆದ ಬಿಸ್ಕತ್ತಿನಂತೆ ಉದುರುತ್ತದೆ. ಬಾವಿಯ ನೀರನ್ನು ಬಾಯಿಗೆ ಹಾಕುವಂತಿಲ್ಲ. ಕಳೆದ ಸಲ ಅಲೆಗಳು ದೊಡ್ಡಮ್ಮನ ಮನೆಯ ಹಿಂದಿನ ಗೋಡೆಯನ್ನೇ ಕೆಡವಿಕೊಂಡು ಹೋದವು. “ಈಗ ಗಾಳಿ ಚೆನ್ನಾಗಿ ಬರುತ್ತೆ” ಎಂದು ನಕ್ಕಳು ದೊಡ್ಡಮ್ಮ. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕಡಲಂಚಿನ ನಮ್ಮ ಮನೆಸಾಲಿನ ಹೆಂಗಸರು ಮೀನು ಸೀಳಿ ಒಣಗಿಸುವವರು, ಗಂಡಸರು ದೋಣಿಯವರು. ಕಡಲು ಮುಂದೆ ಬರುತ್ತಿದೆ ಎಂಬುದು ನಮ್ಮ ಅಡುಗೆಮನೆಗೆ ಗೊತ್ತಾಗಿ ಎಷ್ಟೋ ಕಾಲವಾದ ಮೇಲೆ ಮೂರು ದೇಶಗಳಿಗೆ ಗೊತ್ತಾಯಿತು. ಒಂದೇ ಕಡಲನ್ನು ಹಂಚಿಕೊಂಡ ದೇಶಗಳು. ಸೇರಿ ಒಂದು ನಿಧಿ ಮಾಡಿದವು. ಆ ದುಡ್ಡಿನಲ್ಲಿ ಬಂದರಿನಿಂದ ಹೊರಟ ಕಲ್ಲಿನ ತಡೆಗೋಡೆ ನಮ್ಮ ಪಕ್ಕದ ದೊಡ್ಡ ಹೋಟೆಲನ್ನು ತಬ್ಬಿಕೊಂಡು, ನಮ್ಮ ಸಾಲು ಕಂಡದ್ದೇ ಸುಸ್ತಾಗಿ ನಿಂತುಬಿಟ್ಟಿತು. ಅಲ್ಲಿ ಬಡಿದು ತಿರುಗಿದ ಅಲೆಯೆಲ್ಲ ಈಗ ನಮ್ಮ ಮನೆಗೇ.

ಯೋಜನಾಧಿಕಾರಿಯನ್ನು ಕೇಳಲು ದೊಡ್ಡಮ್ಮ ನನ್ನನ್ನೂ ಎಳೆದುಕೊಂಡು ಹೋದಳು. ನಾನು ಪದವೀಧರೆ. ಅಂದರೆ, ಹೇಳಬೇಕಾದ್ದನ್ನೆಲ್ಲ ಮನೆಗೆ ಬಂದು ಡೈರಿಗೆ ಹೇಳುವವಳು.

“ನೋಡಮ್ಮ, ಗೋಡೆ ಇರೋದು ತಾಳಿಕೆ ಇಲ್ಲದವರಿಗೆ” ಎಂದರು ಸಾಹೇಬರು. “ಹೋಟೆಲಿನದ್ದು ಗಾಜಿನ ಬಾಗಿಲು, ಪಾಪ. ಒಂದು ಅಲೆ ಬಿದ್ರೆ ಮುಗೀತು. ನೀವು ಹಾಗಲ್ಲ. ನೀರು ಬರುತ್ತೆ, ಹೋಗುತ್ತೆ, ನೆಲ ಒರೆಸಿ ಅನ್ನಕ್ಕಿಡ್ತೀರಿ. ತಜ್ಞರು ನಿಮ್ಮನ್ನ ‘ತಾಳಿಕೆಯುಳ್ಳ ಸಮುದಾಯ’ ಅಂತ ಗುರುತಿಸಿದ್ದಾರೆ. ಮೂರು ದೇಶದಲ್ಲಿ ಈ ಹೆಸರು ಸಿಕ್ಕಿರೋದು ನಿಮಗೇ.”

“ಆ ಹೆಸರನ್ನ ಹಿಂದಿನ ಗೋಡೆ ಜಾಗದಲ್ಲಿ ನಿಲ್ಲಿಸ್ಲಾ ಸಾಹೇಬ್ರೇ?” ಎಂದಳು ದೊಡ್ಡಮ್ಮ.

“ತಮಾಷೆ ಬೇಡ. ಸೋಮವಾರ ನಿಯೋಗ ಬರ್ತಿದೆ. ನಿಮ್ಮ ಹುಡುಗಿ ಅನುವಾದ ಮಾಡ್ಲಿ. ನೀವೆಲ್ಲ ನಗ್ತಾ ಇರಿ, ಸಾಕು.”

ನಿಯೋಗ ಬಂತು. ಅಂದು ಗೋಡೆಯ ಎರಡನೇ ಹಂತಕ್ಕೆ ಚಾಲನೆ. ಎರಡನೇ ಹಂತವೆಂದರೆ ನಮ್ಮ ಕಡೆಗಲ್ಲ, ಹೋಟೆಲಿನ ಈಜುಕೊಳದ ಸುತ್ತ. ಕಡಲಿನ ನೀರಿನಿಂದ ಕೊಳದ ನೀರನ್ನು ಕಾಪಾಡಬೇಕಂತೆ. ಹೋಟೆಲಿನ ಮುಂಬಾಗಿಲಲ್ಲಿ ಲಾರಿಗೆ ಪ್ರವೇಶವಿಲ್ಲ. ಹಾಗಾಗಿ ಕಲ್ಲು ತುಂಬಿದ ಲಾರಿ ನಮ್ಮ ಮನೆಗಳ ಮುಂದಿನ ಮರಳುದಾರಿಯಲ್ಲಿ ಗುರುಗುಟ್ಟುತ್ತ ನಿಂತಿತ್ತು.

“ಕಡಲಿಗೆ ಗಡಿಯಿಲ್ಲ” ಎಂದರು ಮೊದಲ ದೇಶದವರು. “ಸಹಕಾರಕ್ಕೂ ಗಡಿಯಿಲ್ಲ” ಎಂದರು ಎರಡನೆಯವರು.

“ಗೋಡೆಗೆ ಮಾತ್ರ ಇದೆ” ಎಂದಳು ದೊಡ್ಡಮ್ಮ. ಅದನ್ನು ಅನುವಾದಿಸಬೇಡವೆಂದು ಸಾಹೇಬರು ಕಣ್ಸನ್ನೆ ಮಾಡಿದರು.

ಮೂರನೇ ದೇಶದ ನರೆಗೂದಲಿನ ಮೇಡಂ ನಮ್ಮವರತ್ತ ತಿರುಗಿ, “ಇಷ್ಟೆಲ್ಲ ಕಷ್ಟವನ್ನು ಹೇಗೆ ತಾಳುತ್ತೀರಿ? ಗುಟ್ಟೇನು?” ಎಂದು ಕೇಳಿದರು. ನಾನು ನೆಲ ನೋಡುತ್ತ ಆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ.

ನಾಲ್ಕು ಜನರ ಮುಂದೆ ಯಾವತ್ತೂ ಬಾಯಿ ತೆರೆಯದ ಅಮ್ಮ ಎದ್ದು ನಿಂತಳು. ನನ್ನ ಸಂಕೋಚ ಅವಳದೇ ಬಳುವಳಿ.

“ತಾಳೋದಿಲ್ಲ ಅಂತ ಹೇಳು.”

ಸಾಹೇಬರು ನನ್ನ ಕಿವಿಗೆ ಬಗ್ಗಿದರು. “ಸಂತೋಷವಾಗಿದ್ದಾರೆ ಅಂದುಬಿಡಮ್ಮ. ಜಾಣೆ ನೀನು.”

ನಾನು ಮೈಕನ್ನು ಬಾಯಿಯ ಹತ್ತಿರ ತಂದೆ. ತಾಳೋದಿಲ್ಲ. ಮನೆ ಇನ್ನು ಉಳಿಯುವುದಿಲ್ಲ ಎಂದೂ ಆಗುತ್ತದೆ. ನಾವು ಇನ್ನು ಸಹಿಸುವುದಿಲ್ಲ ಎಂದೂ ಆಗುತ್ತದೆ.

“ಯಾವುದಮ್ಮ?” ಎಂದು ಮೈಕಿನಲ್ಲೇ ಕೇಳಿಬಿಟ್ಟೆ.

“ಎರಡೂ.”

ಮೊದಲನೆಯದನ್ನು ಹೇಳಿದೆ. ನಿಯೋಗ ಮರುಕದಿಂದ ತಲೆಯಾಡಿಸಿತು. ಎರಡನೆಯದು ಬಾಯಿಗೆ ಬರುವಷ್ಟರಲ್ಲಿ ಮೈಕ್ ಸತ್ತಿತು. ವೈರಿನ ತುದಿ ಸಾಹೇಬರ ಕೈಯಲ್ಲಿತ್ತು. ಕೂಗಿ ಹೇಳಿದೆ. ನನ್ನೊಳಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಮೇಡಂ ಸಾಹೇಬರ ಕಡೆ ನೋಡಿದರು. ಸಾಹೇಬರು ಚಪ್ಪಾಳೆ ತಟ್ಟತೊಡಗಿದರು. ನಿಯೋಗವೂ ತಟ್ಟಿತು.

ಚಪ್ಪಾಳೆ ನಿಲ್ಲುವ ಮೊದಲೇ ಅಮ್ಮ ಹೋಗಿ ಲಾರಿಯ ಮುಂದೆ ಕೂತಳು. ದೊಡ್ಡಮ್ಮ ಕೂತಳು. ಸಾಲಿನವರೆಲ್ಲ ಕೂತರು. ನಾನು ಮೈಕನ್ನು ಕುರ್ಚಿಯ ಮೇಲಿಟ್ಟು ಹೋದೆ. ಅಮ್ಮ ಸರಿದು ಜಾಗ ಮಾಡಿದಳು.

“ಎಷ್ಟು ಹೊತ್ತು ಕೂರ್ತೀರಿ? ನೀರು ಏರೋ ಹೊತ್ತಾಯ್ತು!” ಸಾಹೇಬರು ಓಡಿ ಬಂದರು.

“ಗೋಡೆ ಈ ಕಡೆ ತಿರುಗೋವರೆಗೂ” ಎಂದಳು ದೊಡ್ಡಮ್ಮ.

ಡ್ರೈವರ್ ಎಂಜಿನ್ ಆರಿಸಿ ಕಿಟಕಿಯಿಂದ ತಲೆ ಹೊರಹಾಕಿದ. “ನಂದು ದಿನದ ಬಾಡಿಗೆ ಅಕ್ಕ. ಅವಸರ ಮಾಡ್ಬೇಡಿ.”

ನೀರು ಏರಿತು. ನಿಯೋಗ ಬೂಟುಗಳನ್ನು ಕೈಯಲ್ಲಿ ಹಿಡಿದು ಹೋಟೆಲಿನ ಕಡೆ ಓಡಿತು. ಸಾಹೇಬರು ಗೋಡೆಯ ತುದಿ ಹತ್ತಿ, ಪ್ಯಾಂಟು ಮಡಚಿಕೊಂಡು, “ಏಳ್ರಮ್ಮ, ಏಳಿ” ಎಂದು ಕೂಗುತ್ತಿದ್ದರು.

ಸೊಂಟದವರೆಗೆ ಬಂದ ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದೆವು. ಯಾರೂ ಏಳಲಿಲ್ಲ.