ಬಕೆಟ್ಟಣ್ಣನ ದೋಣಿಗೆ ತೂತು ಬಿದ್ದದ್ದು ಹೇಗೆ

ಬಕೆಟ್ಟಣ್ಣನ ಅಸಲಿ ಹೆಸರು ಹೊಳೆಯ ಎರಡೂ ದಡದಲ್ಲಿ ಯಾರಿಗೂ ನೆನಪಿಲ್ಲ. ಅಲ್ಯೂಮಿನಿಯಂ ದೋಣಿಯಲ್ಲಿ ಜನರನ್ನು ದಾಟಿಸುವುದು ಅವನ ಕೆಲಸ. ಒಂದು ವರ್ಷದಿಂದ ಆ ದೋಣಿಯ ತಳದಲ್ಲಿ ನೀರು ಜಿನುಗುತ್ತಿತ್ತು. ಅವನು ಹುಟ್ಟು ಹಾಕುತ್ತಿದ್ದ, ಹಿಂದೆ ಕೂತ ಹೆಂಡತಿ ಬಕೆಟ್ಟಿನಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ಮೊಗೆಯುವವಳು ಅವಳು, ಹೆಸರು ಬಂದದ್ದು ಅವನಿಗೆ. ಲೋಕದಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ.

ಯಾರಾದರೂ ಕೇಳಿದರೆ ಅವನ ಬಳಿ ಉತ್ತರ ಸಿದ್ಧವಾಗಿತ್ತು. "ದೋಣಿಗೆ ನೀರು ಬರ್ದೆ ಇನ್ನೇನು ಧೂಳು ಬರುತ್ತಾ?"

ರಿಪೇರಿ ಮಾಡಿಲ್ಲ ಎನ್ನುವಂತಿಲ್ಲ. ಒಂದು ವಾರ ತೂತಿಗೆ ಬಟ್ಟೆ ಸೋಪು ತುರುಕಿದ್ದ. ಅದು ಕರಗಿತು. ಮೇಲೆ ಡಾಂಬರು ಮೆತ್ತಿದ. ಬಿಸಿಲಿಗೆ ಅದೂ ಎದ್ದು ಬಂತು. ಕೊನೆಗೆ ಒಂದು ಕಬ್ಬಿಣದ ಸ್ಕ್ರೂ ತಿರುಗಿಸಿ ಕೂರಿಸಿದ. ಒಂದೆರಡು ತಿಂಗಳಲ್ಲಿ ಅದರ ಸುತ್ತಲೂ ಜಿನುಗತೊಡಗಿತು.

ಹೀಗಿರುವಾಗ ಒಂದು ಶನಿವಾರ ಆಚೆ ದಡದ ಆಸ್ಪತ್ರೆಯಿಂದ ಮಗಳ ಫೋನು ಬಂತು. ಅವಳಿಗೆ ಹೆರಿಗೆಯಾಗಿ ಎರಡು ದಿನವಾಗಿತ್ತು.

"ಅಪ್ಪಾ, ಗುರುವಾರ ಮನೆಗೆ ಕಳಿಸ್ತಾರಂತೆ. ನಾನು ಬಸ್ಸಲ್ಲಿ ಬರ್ತೀನಿ."

"ಬಸ್ಸಲ್ಲಾ? ಸೇತುವೆ ಸುತ್ತಿ ಬರೋಕೆ ಮೂರು ಗಂಟೆ ಬೇಕು. ಹೊಲಿಗೆ ಹಾಕಿಸ್ಕೊಂಡಿದೀಯ. ದೋಣಿ ಇರೋದ್ಯಾಕೆ?"

"ನಿನ್ನ ದೋಣೀಲಿ ಮಗೂನ ಕೂರಿಸ್ಕೊಂಡು ಬರಲ್ಲಪ್ಪ. ನೀನು ಹುಟ್ಟು ಬಿಡೋ ಹಾಗಿಲ್ಲ, ಅಮ್ಮ ಬಕೆಟ್ ಬಿಡೋ ಹಾಗಿಲ್ಲ. ಕೆಳಗೆಲ್ಲ ನೀರು. ನಾನೇನಾದ್ರೂ ಜಾರಿದ್ರೆ ಮಗೂನ ಹಿಡಿಯೋರ್ಯಾರು?"

ಊರಿನವರ ಮಕ್ಕಳನ್ನೆಲ್ಲ ದಾಟಿಸಿದವನಿಗೆ ತನ್ನ ಮೊಮ್ಮಗಳು ಬಸ್ಸಿನಲ್ಲಿ ಬರುತ್ತಾಳೆ ಎಂಬುದು ನುಂಗಲಾರದ ತುತ್ತಾಯಿತು. ಫೋನಿಟ್ಟವನೇ ಮಗಳು ಹೇಳಿದ್ದನ್ನೆಲ್ಲ ಹೆಂಡತಿಗೆ ಹೇಳಿದ.

"ಷೆಡ್ಡಕ್ಕನ ಹತ್ರ ತೋರ್ಸಿ ಅಂತ ಬಾಯಿ ನೋಯೋವಷ್ಟು ಹೇಳಿದೀನಿ. ನಾಳೆ ಹೋಗೋಣ ನಡೀರಿ," ಎಂದಳು ಹೆಂಡತಿ.

ಷೆಡ್ಡಕ್ಕ ದಡದ ಮೇಲಿನ ತಗಡಿನ ಷೆಡ್ಡಿನಲ್ಲಿ ದೋಣಿ ರಿಪೇರಿ ಮಾಡುವವಳು. ಕೆಲಸವನ್ನು ತಂದೆಯಿಂದ ಕಲಿತಳು, ಮಾತನ್ನು ಕಡಿಮೆ ಆಡುವುದನ್ನೂ ಅವರಿಂದಲೇ ಕಲಿತಳು. ಮರುದಿನ ದೋಣಿಯನ್ನು ಎರಡು ಮರದ ದಿಮ್ಮಿಗಳ ಮೇಲೆ ಕೂರಿಸಿ, ಹಳೆಯ ಡಾಂಬರನ್ನೆಲ್ಲ ಮರದ ಚಕ್ಕೆಯಿಂದ ಕೆರೆದು ತೆಗೆದಳು. ಆಮೇಲೆ ಪೈಪು ಹಿಡಿದು ದೋಣಿಯ ಒಳಗೇ ನೀರು ಬಿಟ್ಟಳು.

ಬಕೆಟ್ಟಣ್ಣ ಹಣೆ ಚಚ್ಚಿಕೊಂಡ. "ವರ್ಷವೆಲ್ಲಾ ನೀರು ಹೊರಗೆ ಹಾಕಿದ್ದಾಯ್ತು. ನೀನು ಒಳಗೆ ತುಂಬ್ತಾ ಇದೀಯಲ್ಲಮ್ಮ."

"ನಾಲ್ಕು ಬೆರಳು ನೀರು ಸಾಕಣ್ಣ. ಜಾಸ್ತಿ ತುಂಬಿದ್ರೆ ಭಾರಕ್ಕೆ ತಗಡು ಬಗ್ಗುತ್ತೆ. ತೂತು ಒಳಗಿಂದ ಕಾಣಲ್ಲ. ಹೊರಗೆ ಎಲ್ಲಿ ಹನಿ ಮೂಡುತ್ತೋ ಅಲ್ಲಿ ಗುರುತು ಹಾಕೋಣ. ಅತ್ತಿಗೆ, ಈ ಮೇಣದ ಬಳಪ ಹಿಡೀರಿ."

ಹೆಂಡತಿ ದೋಣಿಯ ಕೆಳಗೆ ತೂರಿ, ಹನಿ ಮೂಡಿದಲ್ಲೆಲ್ಲ ಗುರುತು ಹಾಕಿದಳು. ಸ್ಕ್ರೂ ಇದ್ದಲ್ಲಿ ಒಂದು. ಹಿಂಬದಿಯ ಸೀಟಿನ ಕೆಳಗೆ ಎರಡು, ಮೂರು, ಐದು, ಒಂಬತ್ತು. ಆಮೇಲೆ ಅವಳು ಎಣಿಸುವುದನ್ನು ನಿಲ್ಲಿಸಿದಳು.

"ಇಲ್ಲಿ ಬಗ್ಗಿ ನೋಡ್ರಿ," ಎಂದಳು ಗಂಡನಿಗೆ. "ಇದೇನು ಬಳೆ ಇಟ್ಟು ಬರೆದ ಹಾಗಿದೆ."

ಚುಕ್ಕೆಗಳು ಸೇರಿ ಒಂದು ವೃತ್ತವಾಗಿದ್ದವು. ಮೂವರೂ ನೋಡಿದರು. ಹೆಂಡತಿ ಎದ್ದು ಹೋಗಿ, ದೋಣಿಯಿಂದ ಇಳಿಸಿ ಕಟ್ಟೆಯ ಮೇಲಿಟ್ಟಿದ್ದ ತಾಮ್ರದ ಬಿಂದಿಗೆಯನ್ನು ತಂದಳು. ಅದರೊಳಗಿನ ನೀರು ಚೆಲ್ಲಿ, ಬಿಂದಿಗೆಯ ತಳವನ್ನು ಆ ಗುರುತಿಗೆ ಹಿಡಿದಳು. ಅಳತೆ ತೆಗೆದು ಮಾಡಿಸಿದಂತೆ ಕೂತಿತು.

ಅದು ಬಕೆಟ್ಟಣ್ಣನ ತಾಯಿಯ ಬಿಂದಿಗೆ. ಅವಳು ಹಳೆಯ ಮರದ ದೋಣಿಯಲ್ಲಿ ಅದನ್ನಿಟ್ಟುಕೊಂಡು ದಾಟುವವರಿಗೆ ಕುಡಿಯಲು ನೀರು ಕೊಡುತ್ತಿದ್ದಳು. ಅವಳು ಹೋದ ಮೇಲೆ ಮಗನೂ ಅದನ್ನು ಬಿಡಲಿಲ್ಲ. ಹೊಸ ದೋಣಿ ಬಂದರೂ ಬಿಂದಿಗೆ ಅದೇ ಜಾಗದಲ್ಲಿ, ಹಿಂಬದಿಯ ಸೀಟಿನ ಕೆಳಗೆ, ಕೂರುತ್ತಿತ್ತು.

"ನಮ್ಮವ್ವನ ಬಿಂದಿಗೆ ನನ್ನ ದೋಣಿ ತಿಂತಾ?" ಅವನ ದನಿ ಇಳಿದಿತ್ತು. ಬೇಸರವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

"ಬಿಂದಿಗೆದು ತಪ್ಪಿಲ್ಲಣ್ಣ. ಅವ್ವನ ದೋಣಿ ಮರದ್ದು, ಏನೂ ಆಗ್ಲಿಲ್ಲ. ಇದು ಅಲ್ಯೂಮಿನಿಯಂ. ಅದರ ಮೇಲೆ ತಾಮ್ರ ಕೂತು, ನಡುವೆ ನೀರು ನಿಂತ್ರೆ, ತಾಮ್ರ ಹಾಗೇ ಇರುತ್ತೆ, ಅಲ್ಯೂಮಿನಿಯಂ ಸವೆಯುತ್ತೆ. ಹಿತ್ತಾಳೆ, ಕಬ್ಬಿಣದ್ದೂ ಅದೇ ಕಥೆ. ನಿಮ್ಮ ಸ್ಕ್ರೂ ಸುತ್ತ ಸೋರಿದ್ದೂ ಅದಕ್ಕೇ."

"ಈಗ ವೆಲ್ಡಿಂಗಾ?"

"ಸೀಳು ಬಿಟ್ಟಿದ್ರೆ, ಜೋಡಣೆ ಬಿಚ್ಚಿದ್ರೆ ವೆಲ್ಡಿಂಗ್ ಮಾಡೋರ ಹತ್ರ ಕಳಿಸ್ತಿದ್ದೆ. ಇವು ಪೆನ್ಸಿಲ್ ಮೊನೆಯಷ್ಟು ತೂತು. ಸುತ್ತ ತಗಡು ಗಟ್ಟಿಯಾಗಿದೆ. ಎಪಾಕ್ಸಿ ಸಾಕು."

ಎಪಾಕ್ಸಿ ಎಂದರೆ ಎರಡು ಟ್ಯೂಬುಗಳಲ್ಲಿ ಬರುವ ಗಟ್ಟಿ ಅಂಟು. ಲೋಹಕ್ಕೆ ಹಿಡಿಯುವ, ನೀರು ತಡೆಯುವ ಬಗೆಯದನ್ನೇ ಕೇಳಿ ತರಬೇಕು.

"ಅಂಟು ಹಚ್ಚೋಕೆ ಇದೇನು ಹರಿದ ಪುಸ್ತಕಾನಾ?" ಎಂದ ಬಕೆಟ್ಟಣ್ಣ. ಅವನ ಹಳೆಯ ದನಿ ಮರಳಿತ್ತು.

"ಒದ್ದೆ ಮೇಲೆ, ಕೊಳೆ ಮೇಲೆ ಹಚ್ಚಿದ್ರೆ ನಿಮ್ಮ ಡಾಂಬರಿನ ಹಾಗೇ ಏಳುತ್ತೆ. ಅದಕ್ಕೇ ಹಚ್ಚೋದು ಹತ್ತು ನಿಮಿಷ, ಉಜ್ಜೋದು ಅರ್ಧ ದಿನ."

ಉಜ್ಜುವ ಕೆಲಸ ಅವನಿಗೇ ಬಂತು. ದೋಣಿ ಒಣಗಿದ ಮೇಲೆ ಪ್ರತಿ ತೂತಿನ ಸುತ್ತ ಎರಡು ಬೆರಳಗಲ, ಒಳಗೂ ಹೊರಗೂ, ಬಣ್ಣ ಹೋಗಿ ಬೆಳ್ಳಗೆ ಹೊಳೆಯುವವರೆಗೆ ಮರಳು ಕಾಗದದಿಂದ ಉಜ್ಜಿದ. ಷೆಡ್ಡಕ್ಕ ಬಟ್ಟೆಗೆ ಥಿನ್ನರ್ ಹಾಕಿ ಧೂಳು, ಜಿಡ್ಡು ಒರೆಸಿದಳು. ಅವನು ಬೀಡಿಗೆ ಕೈ ಹಾಕಿದ್ದೇ ತಡ, ಥಿನ್ನರಿಗೆ ಬೆಂಕಿ ಹತ್ತೀತೆಂದು ಹೊರಗೆ ಕಳಿಸಿದಳು. ಕೈಗವಸು ತೊಟ್ಟು, ಪೊಟ್ಟಣದ ಮೇಲೆ ಹೇಳಿದ ಅಳತೆಯಲ್ಲೇ ಎರಡನ್ನೂ ಬೆರೆಸಿ, ತೂತಿನೊಳಗೆ ಒತ್ತಿ ತುಂಬಿ ಎರಡೂ ಬದಿ ಹರಡಿದಳು. ಸ್ಕ್ರೂ ಕಿತ್ತ ಜಾಗದ ತೂತು ದೊಡ್ಡದು. ಅದಕ್ಕೆ ಎಪಾಕ್ಸಿಯ ಮೇಲೆ ಅಲ್ಯೂಮಿನಿಯಂ ತಗಡಿನ ತುಂಡನ್ನೇ ಇಟ್ಟು, ಅಲ್ಯೂಮಿನಿಯಂ ರಿವೆಟ್ಟು ಮೊಳೆಯಿಂದಲೇ ಬಿಗಿದಳು.

ಸಂಜೆ ಅವನು ಉಗುರಿನಿಂದ ಕುಟ್ಟಿ ನೋಡಿದ. "ಕಲ್ಲಾಗಿದೆ. ನೀರಿಗೆ ಇಳಿಸೋಣ್ವಾ?"

"ಪೂರಾ ಒಂದು ದಿನ ಮುಟ್ಟೋ ಹಾಗಿಲ್ಲ. ಮೇಲೆ ಕಲ್ಲು, ಒಳಗೆ ಇನ್ನೂ ಹಸಿ," ಎಂದು ಷೆಡ್ಡಕ್ಕ ಎರಡೂ ಹುಟ್ಟುಗಳನ್ನು ಒಳಗಿಟ್ಟು ಬೀಗ ಹಾಕಿದಳು. ಅವನ ಮಾತಿಗಿಂತ ಬೀಗದ ಮೇಲೆ ಅವಳಿಗೆ ಹೆಚ್ಚು ನಂಬಿಕೆ.

ಮಂಗಳವಾರ ಮತ್ತೆ ದೋಣಿಯೊಳಗೆ ನಾಲ್ಕು ಬೆರಳು ನೀರು ಬಿಟ್ಟರು. ಹೆಂಡತಿ ಬಳಪ ಹಿಡಿದು ಕೆಳಗೆ ಕೂತಳು. ಒಂದು ಗಂಟೆ ಕೂತರೂ ಗುರುತು ಹಾಕಲು ಏನೂ ಸಿಗಲಿಲ್ಲ. ನೀರು ಬರಿದು ಮಾಡಿ, ಒಣಗಿಸಿ, ಆ ಜಾಗಕ್ಕೆಲ್ಲ ಬಣ್ಣ ಹೊಡೆದರು. ತಾಮ್ರದ ಬಿಂದಿಗೆ ಮನೆಯ ಮರದ ಮಣೆಗೆ ಹೋಯಿತು. ದೋಣಿಗೆ ಪ್ಲಾಸ್ಟಿಕ್ ಕ್ಯಾನು ಬಂತು.

ಗುರುವಾರ ಆಚೆ ದಡದಲ್ಲಿ ಮಗಳು ಮಗುವನ್ನೆತ್ತಿಕೊಂಡು ನಿಂತಿದ್ದಳು. ಅಪ್ಪ ಫೋನಿನಲ್ಲಿ ಹೇಳಿದ್ದನ್ನು ಅವಳು ಪೂರ್ತಿ ನಂಬಿರಲಿಲ್ಲ. ಬಸ್ಸಿನ ಸಮಯವನ್ನೂ ಕೇಳಿಟ್ಟುಕೊಂಡಿದ್ದಳು. ಮಗುವಿನ ಬಟ್ಟೆಯ ಚುಂಗನ್ನು ಅಮ್ಮನ ಕೈಗೆ ಕೊಟ್ಟು, "ಸೀಟಿನ ಕೆಳಗೆ ಒತ್ತಿ ನೋಡಮ್ಮ," ಎಂದಳು. ಅಮ್ಮ ಒತ್ತಿ ತೋರಿಸಿದಳು. ಬಟ್ಟೆ ಒಣಗಿಯೇ ಇತ್ತು. ಮಗಳು ಹತ್ತಿ ಕೂತಳು.

ನಡು ಹೊಳೆಯಲ್ಲಿ ಹೆಂಡತಿಯ ಕೈ ಅಭ್ಯಾಸಬಲದಿಂದ ಬಕೆಟ್ಟಿನತ್ತ ಹೋಯಿತು. ಮೊಗೆಯಲು ನೀರಿರಲಿಲ್ಲ. ವರ್ಷದ ಮೇಲೆ ಮೊದಲ ಸಲ ಹೊಳೆಯ ಮಧ್ಯೆ ಅವಳ ಎರಡೂ ಕೈ ಖಾಲಿ ಇದ್ದವು.

"ತಗೋಮ್ಮ," ಎಂದು ಮಗಳು ಮಗುವನ್ನು ಆ ಕೈಗಳಿಗೆ ಕೊಟ್ಟಳು.

ಅಲ್ಯೂಮಿನಿಯಂ ದೋಣಿ ಇಟ್ಟುಕೊಂಡಿರುವವರೇ, ನಿಮ್ಮ ದೋಣಿಯಲ್ಲೂ ಒಂದು ಬಕೆಟ್ ಇದ್ದೀತು. ಅದು ಇರಲಿ, ಅಪಾಯಕ್ಕೆ ಬೇಕು. ಆದರೆ ಅದು ದಿನಾ ಬೇಕಾಗುತ್ತಿದ್ದರೆ ಈ ವಾರವೇ ದೋಣಿಯನ್ನು ದಡಕ್ಕೆ ಎಳೆದು ದಿಮ್ಮಿಗಳ ಮೇಲೆ ಕೂರಿಸಿ. ಒಳಗೆ ನಾಲ್ಕು ಬೆರಳು ನೀರು ಬಿಟ್ಟು ಹೊರಗಿನಿಂದ ನೋಡಿ. ಸಣ್ಣ ತೂತಾದರೆ ಒಣಗಿಸಿ, ಉಜ್ಜಿ, ಒರೆಸಿ, ಎಪಾಕ್ಸಿ ತುಂಬಿ, ಒಂದು ದಿನ ಕಾಯಿರಿ. ಸೀಳಾಗಿದ್ದರೆ ಗೊತ್ತಿದ್ದವರಿಗೆ ತೋರಿಸಿ. ತಾಮ್ರ, ಹಿತ್ತಾಳೆ, ಕಬ್ಬಿಣ ಯಾವುದನ್ನೂ ದೋಣಿಯ ತಳದಲ್ಲಿ ಇಡಬೇಡಿ, ಅದು ಯಾರ ನೆನಪಿನದ್ದೇ ಆಗಿರಲಿ. ನಿಮ್ಮ ದೋಣಿಯಲ್ಲಿ ನೀರು ಮೊಗೆಯುತ್ತಿರುವ ಕೈ ಯಾರದ್ದೆಂದು ಒಮ್ಮೆ ತಿರುಗಿ ನೋಡಿ. ಆ ಕೈಗೆ ಬೇರೆ ಕೆಲಸವಿದೆ.