ದಿನಾ ಆರುವ ಫ್ರಿಜ್ಜು

ತಾನು ಕೆಲಸ ಮಾಡುವ ಔಷಧಿ ಅಂಗಡಿಯ ಇನ್ಸುಲಿನ್ ಚುಚ್ಚಿಕೊಂಡೂ ಸಕ್ಕರೆ ಏರಿ ತನ್ನ ಚಿಕ್ಕಮ್ಮ ಆಸ್ಪತ್ರೆ ಸೇರಿದ ಮರುದಿನ, ಫಾರ್ಮಸಿಸ್ಟ್ ಬೇಗ ಬಂದು ಅಂಗಡಿಯ ಫ್ರಿಜ್ಜಿನೊಳಗೆ ಕೈಯಿಟ್ಟಳು. ತಣ್ಣಗಿರಬೇಕಾದ ಇನ್ಸುಲಿನ್ ಬಾಟಲಿಗಳು ಬೆಚ್ಚಗಿದ್ದವು. ಕೇಳಿದರೆ, ಅಂಗಡಿ ಯಜಮಾನ ದಿನಾ ರಾತ್ರಿ ಬಾಗಿಲು ಹಾಕುವಾಗ ಅದನ್ನು ಆರಿಸಿ ಹೋಗುತ್ತಿದ್ದನಂತೆ.

"ರಾತ್ರಿಯೆಲ್ಲ ಕರೆಂಟ್ ಯಾಕೆ ಸುಡ್ಬೇಕು? ಚೂರು ಬೆಚ್ಚಗಾದ್ರೆ ಯಾರಪ್ಪನ ಗಂಟು ಹೋಗುತ್ತೆ?" ಎಂದ.

ಅವಳು ಹಲ್ಲು ಕಚ್ಚಿಕೊಂಡು ಆ ಬಾಟಲಿಗಳನ್ನೆಲ್ಲ ಮಾರದಂತೆ ಬೇರೆ ಎತ್ತಿಟ್ಟಳು.

ಸಂಜೆ ಗಿರಾಕಿಗಳು ಸಾಲುಗಟ್ಟಿದ್ದಾಗ ಯಜಮಾನ ಪೊಟ್ಟಣ ಹಿಡಿದು ಓಡಿಬಂದ. ಅವನ ಮನೆಯ ಫ್ರಿಜ್ಜು ಕೆಟ್ಟಿತ್ತು. ಪೊಟ್ಟಣದಲ್ಲಿದ್ದದ್ದು ಅವನ ತಾಯಿಯ ಇನ್ಸುಲಿನ್, ಅದೂ ಎದುರಿನ ಅಂಗಡಿಯಲ್ಲಿ ಕೊಂಡದ್ದು. ಅವಳ ಕಿವಿಯ ಬಳಿ ಏನೋ ಪಿಸುಗುಟ್ಟಿದ.

ಅವಳಿಗೆ ಪ್ರತಿ ಮಾತೂ ಕೇಳಿಸಿತ್ತು. "ಏನಂದ್ರಿ ಯಜಮಾನ್ರೇ? ಸ್ವಲ್ಪ ಜೋರಾಗಿ ಹೇಳಿ."

ಮತ್ತೆ ಪಿಸುಗುಟ್ಟಿದ. ಅವಳು ಮತ್ತೆ ಕಿವಿಗೆ ಕೈ ಒಡ್ಡಿದಳು.

ಅವನ ಪಿತ್ತ ನೆತ್ತಿಗೇರಿತು. "ನಿಂಗೇನು ಕಿವುಡಾ? ಅಮ್ಮನ ಇನ್ಸುಲಿನ್, ಒಳಗಿಡು! ದಿನಾ ಆರಿಸೋ ಹಾಗೆ ಇವತ್ತು ರಾತ್ರಿ ಫ್ರಿಜ್ ಆರಿಸಲ್ಲ ಅಂದೆ!"

ಸಾಲಿನ ಮುಂದಿದ್ದ ಮುದುಕ ಕೋಲಿನಿಂದ ಕೌಂಟರನ್ನು ಕುಟ್ಟಿದ.

"ಹಾಗಾದ್ರೆ ಇಷ್ಟು ದಿನ ನನ್ನ ಹೆಂಡ್ತಿ ಚುಚ್ಕೊಂಡಿದ್ದೇನಯ್ಯಾ?"